ಓದದೆ ಬಿಟ್ಟ ಏಳನೆಯ ಹೆಸರು

ಆ ಆರು ಹೆಸರುಗಳನ್ನು ಓದಿ ಹೇಳಿದವಳು ನಾನು. ನಿಮ್ಮ ದೇಶದವರು ಯಾರೂ ಅಲ್ಲ, ನಿಮ್ಮ ಗೆಳೆಯರಂತೂ ಅಲ್ಲವೇ ಅಲ್ಲ. ಡೊಂಬಿವಲಿಯ ಫ್ಯಾಕ್ಟರಿ ಪ್ರದೇಶ ಎಂಐಡಿಸಿಯ ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ, ನನ್ನದೇ ಸೋಫಾದ ಮೇಲೆ ಕುಳಿತು, ಮಧ್ಯಾಹ್ನದ ನಾಲ್ಕು ಗಂಟೆಗೆ, ಸ್ಪಷ್ಟ ಉಚ್ಚಾರದಲ್ಲಿ, ಒಂದೂ ತಪ್ಪಿಲ್ಲದೆ ಓದಿದೆ.

ಜಡ್ಜ್ ಸಾಹೇಬರೇ, ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದು. ಬಂದಿದ್ದರೂ ಸಕ್ಕರೆ ಕಾಯಿಲೆ ನಿಮ್ಮ ಕಣ್ಣಿನಲ್ಲಿ ಓದುವಷ್ಟು ಬೆಳಕು ಉಳಿಸಿಲ್ಲ. ನನಗೆ ಧೈರ್ಯ ಬಂದದ್ದು ಅದರಿಂದಲೇ — ಇರಬಹುದು. ಇನ್ನೊಂದು ಕಾರಣವೂ ಉಂಟು. ಮೂವತ್ತೊಂದು ವರ್ಷ ಥಾಣೆಯ ಜಿಲ್ಲಾ ಕೋರ್ಟಿನಲ್ಲಿ ಸ್ಟೆನೊ ಆಗಿ ನಾನು ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಬೇರೆಯವರ ಮಾತು. ನನ್ನ ಮಾತು ಬರೆಯಲು ಉಡುಪಿಯ ಶಾಲೆಯಲ್ಲಿ ಕಲಿತ ಈ ಅಕ್ಷರಗಳೇ ಬೇಕು. ಇಲ್ಲಿ ಬರೆದು ಗಟ್ಟಿ ಮಾಡಿಕೊಂಡು, ಗುರುವಾರ ನಿಮ್ಮೆದುರು ಹೇಳಬೇಕೆಂದಿದ್ದೇನೆ.

ನೀವು ಐದನೆಯ ಮಹಡಿಗೆ ಬಾಡಿಗೆಗೆ ಬಂದಾಗ ನಮಗೆಲ್ಲ ಬರೀ 'ಅಂಕಲ್' ಆಗಿದ್ದಿರಿ. ನವಿ ಮುಂಬೈಯ ಆಸ್ಪತ್ರೆಗೆ ಬಂದ, ಯಾವುದೋ ದೇಶದ, ಕಿಟಕಿಯ ಪರದೆ ಎಂದೂ ಸರಿಸದ ಮುದುಕರು. ಆಸ್ಪತ್ರೆಯ ಸುತ್ತಮುತ್ತ ನಿಮ್ಮ ದೇಶದವರು ಓಡಾಡುತ್ತಾರೆ, ಅದಕ್ಕೇ ಇಷ್ಟು ದೂರ ಬಂದಿರಿ ಎಂದು ಆಮೇಲೆ ತಿಳಿಯಿತು. ಬರೆದುಕೊಳ್ಳುವವರು ಬೇಕೆಂದು ವಾಚ್‌ಮನ್ನನ್ನು ಕೇಳಿದಿರಂತೆ. ಅವನು ನನ್ನ ಬಾಗಿಲು ತೋರಿಸಿದ. ಮೊದಲ ದಿನ ಒಂದು ಪುಟ ಬರೆಸಿ, "ರೀಡ್ ಬ್ಯಾಕ್" ಎಂದಿರಿ. ಕೋರ್ಟಿನಲ್ಲಿ ಸಾಹೇಬರು ಹಾಗೆಂದರೆ ಸ್ಟೆನೊ ತಾನು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಬೇಕು. ಯಾಕೆ ಏನು ಎಂದು ಕೇಳುವ ಹಾಗಿಲ್ಲ. ನಿವೃತ್ತಿಯಾಗಿ, ಗಂಡನೂ ಹೋಗಿ, ಮೂಲೆಗೆ ಬಿದ್ದಿದ್ದ ನನ್ನ ಬೆನ್ನು ಆ ಎರಡು ಶಬ್ದಕ್ಕೆ ನೆಟ್ಟಗಾಯಿತು.

ದಿನಕ್ಕಿಷ್ಟು ಎಂದು ನಿಮ್ಮ ಕಥೆ ನನ್ನ ನೋಟ್‌ಬುಕ್ಕಿಗೆ ಇಳಿಯಿತು. ಸೈನ್ಯ ಅಧಿಕಾರ ಹಿಡಿದ ವಾರದಲ್ಲೇ ಜನರಲ್ ಎಲ್ಲ ನ್ಯಾಯಾಧೀಶರನ್ನೂ ಕರೆಸಿ, ಹೊಸ ಪ್ರಮಾಣವಚನ ತೆಗೆದುಕೊಳ್ಳಿ ಎಂದ. ಸಂವಿಧಾನದ ಹೆಸರಿನಲ್ಲಲ್ಲ, ಅವನ ಆಜ್ಞೆಯ ಹೆಸರಿನಲ್ಲಿ. ನೀವು ಒಪ್ಪಲಿಲ್ಲ, ಕುರ್ಚಿ ಹೋಯಿತು, ದೇಶವೂ ಹೋಯಿತು. ಏಳು ಜನ ಮಾತ್ರ ನಿಮ್ಮೊಡನೆ ಗುಟ್ಟಾಗಿ ಮಾತಾಡಿಕೊಂಡೇ ಪ್ರಮಾಣ ಮಾಡಿ ಒಳಗೆ ಉಳಿದರು. ಸಮಯ ಬಂದಾಗ ಒಂದೇ ಪೀಠದಲ್ಲಿ ಕುಳಿತು, ಈ ಆಡಳಿತ ಕಾನೂನುಬಾಹಿರ ಎಂದು ತೀರ್ಪು ಕೊಡಬೇಕು — ಅದು ನಿಮ್ಮ ಒಪ್ಪಂದ. ಏಳೂ ಹೆಸರು, ಆ ಏಳು ಜನರನ್ನು ಬಿಟ್ಟರೆ, ನಿಮ್ಮ ತಲೆಯಲ್ಲಿ ಮಾತ್ರ ಇದ್ದವು.

ಹೃದಯದ ಆಪರೇಷನ್ನಿನ ಹಿಂದಿನ ದಿನ ನನ್ನನ್ನು ಕರೆಸಿದಿರಿ. "ನಾನು ಟೇಬಲ್ಲಿನಿಂದ ಏಳದಿದ್ದರೆ, ಇವರು ಯಾರೆಂದು ಒಬ್ಬರಿಗಾದರೂ ಗೊತ್ತಿರಬೇಕು. ಟೈಪ್ ಮಾಡಬೇಡಿ. ನಿಮ್ಮ ಗೆರೆಗಳಲ್ಲೇ ಇರಲಿ," ಎಂದಿರಿ.

ನಿಮಗೆ ಸ್ಟೆನೊಗಳ ಸಂಗತಿ ಗೊತ್ತಿತ್ತು. ಶೀಘ್ರಲಿಪಿಯನ್ನು ಎಲ್ಲರೂ ಒಂದೇ ಪುಸ್ತಕದಿಂದ ಕಲಿತರೂ ವರ್ಷ ಕಳೆದಂತೆ ಅವರವರ ಗೆರೆ ಅವರವರದೇ ಆಗುತ್ತದೆ. ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೂ ನನ್ನ ಪುಟ ತಿಳಿಯುತ್ತಿರಲಿಲ್ಲ. ನನ್ನ ನೋಟ್‌ಬುಕ್ ಬೀದಿಯಲ್ಲಿ ಬಿದ್ದಿದ್ದರೂ ನಿಮ್ಮ ಜನ ಕ್ಷೇಮವಾಗಿದ್ದರು. ಅಪಾಯ ಇದ್ದದ್ದು ನೋಟ್‌ಬುಕ್ಕಿನಲ್ಲಲ್ಲ, ನನ್ನ ಬಾಯಿಯಲ್ಲಿ.

ಆ ಬಾಯಿ ಆಗಲೇ ಸಡಿಲವಾಗಿತ್ತು. ಅರಿಶಿನ ಕುಂಕುಮಕ್ಕೆ ಹೋದಾಗ ಧಾರವಾಡದ ಕಡೆಯ ಜಯಂತಿ, "ಏನ್ರೀ ಕುಸುಮಾ, ಮ್ಯಾಲಿನ ಅಂಕಲ್ ಫಾರಿನ್ ಜಡ್ಜ್ ಅಂತಲ್ರೀ, ಖರೇನ?" ಎಂದು ಕೆಣಕಿದ್ದಳು.

"ಹೌದು ಮಾರಾಯ್ತಿ. ಅವರ ಪುಸ್ತಕ ಬರೆಯುವುದು ನಾನೇ ಅಲ್ವಾ," ಎಂದಿದ್ದೆ. ಹೇಳುವಾಗ ಎಷ್ಟು ಖುಷಿಯಾಗಿತ್ತು. ಮನೆಯಲ್ಲಿ ಮಗ ಪ್ರವೀಣನಿಗೂ ಹೇಳಿದೆ, ಅವನು ತನ್ನ ಆಫೀಸಿನಲ್ಲಿ ಹೇಳಿದ. ಅವನ ಕಂಪನಿ ಬಣ್ಣದ ಪುಡಿಯನ್ನು ನಿಮ್ಮ ದೇಶಕ್ಕೇ ಕಳುಹಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಇಡೀ ಬಿಲ್ಡಿಂಗಿಗೆ ಬುದ್ಧಿ ಹೇಳುತ್ತಿದ್ದವಳೂ ನಾನೇ.

ನೀವು ಐಸಿಯುನಲ್ಲಿದ್ದ ಮೂರನೆಯ ದಿನ ಪ್ರವೀಣ ಆಫೀಸಿನಿಂದ ಬೇಗ ಬಂದ, ಜೊತೆಗೆ ಬೂದು ಬಣ್ಣದ ಸಫಾರಿ ತೊಟ್ಟ ಒಬ್ಬ ಗೃಹಸ್ಥ. "ಅಮ್ಮಾ, ಸರ್‌ಗೆ ಸಿರ್ಫ್ ದೋ ಮಿನಿಟ್ ಬಾತ್ ಕರ್ನಿ ಹೈ. ಟೆನ್ಶನ್ ನಕೊ ಘೇಊ," ಎಂದು, ಎರಡೇ ನಿಮಿಷದ ಮಾತು, ಗಾಬರಿ ಬೇಡ ಅನ್ನುವುದನ್ನು ತನ್ನ ಬೆರಕೆ ಭಾಷೆಯಲ್ಲಿ ಹೇಳಿ, ಫೋನ್ ಬಂತೆಂದು ಬಾಲ್ಕನಿಗೆ ಹೋದ.

ಬಂದವನು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ದೇವರ ಫೋಟೋಕ್ಕೆ ಕೈ ಮುಗಿದ. ಅಂದು ಫ್ಯಾಕ್ಟರಿಗಳ ಕಡೆಯಿಂದ ಆ ಹುಳಿ ವಾಸನೆ ಜೋರಾಗಿತ್ತು. ತಾನೇ ಎದ್ದು ಕಿಟಕಿ ಮುಚ್ಚಿ, ಒಳ್ಳೆಯ ಇಂಗ್ಲಿಷಿನಲ್ಲಿ ಮಾತು ತೆಗೆದ. "ನಿಮ್ಮ ಮಗ ಮುಂದಿನ ತಿಂಗಳು ನಮ್ಮ ದೇಶಕ್ಕೆ ಬರುತ್ತಿದ್ದಾನೆ. ನಾವು ಅವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ." ಅವನು ನಗುತ್ತಲೇ ಇದ್ದ. "ದೊಡ್ಡ ಆಪರೇಷನ್ನಿಗೆ ಮುಂಚೆ ಮನುಷ್ಯ ತನ್ನವರ ಹೆಸರು ಬರೆಸುತ್ತಾನೆ. ಬರೆಸಿರಬೇಕು. ಆದರೆ ಸ್ಟೆನೊಗಳಿಗೆ ತಮ್ಮದೇ ಗೆರೆ ನಾಲ್ಕು ದಿನದ ಮೇಲೆ ಓದಲು ಬರುವುದಿಲ್ಲವಂತೆ, ಹೌದೇ?"

ನನಗೆ ಬರುತ್ತದೆ ಎಂದೆ. ಹೇಗೆ ಅಂದೆನೋ — ನೋಟ್‌ಬುಕ್ ಯಾವಾಗ ನನ್ನ ಮಡಿಲಿಗೆ ಬಂತೋ —

"ರೀಡ್ ಬ್ಯಾಕ್," ಎಂದ. ಥೇಟ್ ಕೋರ್ಟಿನ ಧಾಟಿ.

ಓದಿದೆ. ಒಂದೊಂದೇ ಹೆಸರು, ಹುದ್ದೆ, ಊರು. ಆರು ಹೆಸರು ಮುಗಿಯುವಾಗ ಪುಟ ಮುಗಿದಿತ್ತು. ಏಳನೆಯದು ಹಿಂದಿನ ಮಗ್ಗುಲಲ್ಲಿತ್ತು. ಪುಟ ತಿರುಗಿಸಬೇಕಿತ್ತು, ತಿರುಗಿಸಲಿಲ್ಲ. "ಅಷ್ಟೇನಾ?" ಎಂದು ಕೇಳಿದ. ಅಷ್ಟೇ ಎಂದೆ.

ಮಗನಿಗಾಗಿ ಹೆದರಿದ್ದು ನಿಜ. ಆದರೆ ಹೆದರಿದವಳು ಬಾಯಿಗೆ ಬಂದ ಹೆಸರು ಹೇಳಬಹುದಿತ್ತು, ಕಿರಾಣಿ ಪಟ್ಟಿ ಓದಬಹುದಿತ್ತು. ಅವನಿಗೆ ಆ ಗೆರೆ ತಿಳಿಯುತ್ತಿರಲಿಲ್ಲ, ನಮ್ಮ ಹೆಸರುಗಳನ್ನು ಅವರ ದೇಶದ ಉಚ್ಚಾರಕ್ಕೆ ತಿರುಚಿದ್ದರೂ ಸಾಕಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಬರೆದದ್ದನ್ನು ತಪ್ಪಾಗಿ ಓದುವುದು ನನ್ನ ಜನ್ಮದಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷ ಅದನ್ನೇ ನಿಯತ್ತು ಎಂದುಕೊಂಡಿದ್ದೆ. ಯಾರಿಗೆ ಓದುತ್ತಿದ್ದೇನೆ ಎಂದು ನೋಡದ ನಿಯತ್ತು ಅದು, ಥೂ.

ಇನ್ನೂ ನಾಚಿಕೆಗೇಡಿನ ಮಾತು ಕೇಳಿ. ಅವನು ಹೋದ ಮೇಲೆ ದೇವರಿಗೆ ದೀಪ ಹಚ್ಚಿದೆ. ಒಬ್ಬನನ್ನಾದರೂ ಉಳಿಸಿದೆನಲ್ಲ ಎಂದು ಮನಸ್ಸಿಗೆ ಸಮಾಧಾನವಾಗಿತ್ತು. ನಿಜಕ್ಕೂ ಕರುಣೆಯಿಂದ ಬಿಟ್ಟೆನೋ, ಬೆರಳು ನಡುಗಿ ಪುಟ ಏಳಲಿಲ್ಲವೋ — ಇಂದಿಗೂ ಹೇಳಲಾರೆ.

ನೀವು ಬದುಕಿ ಬಂದಿರಿ. ಹದಿನೈದು ದಿನಕ್ಕೆ ನಿಮಗೊಂದು ಫೋನ್ ಬಂತು, ನಾನು ಪಕ್ಕದಲ್ಲೇ ಪೆನ್ಸಿಲ್ ಚೂಪು ಮಾಡುತ್ತಿದ್ದೆ. ಒಂದೇ ಬೆಳಿಗ್ಗೆ ಆರೂ ಜನರನ್ನು ಮನೆಗಳಿಂದ ಎತ್ತಿಕೊಂಡು ಹೋಗಿದ್ದರು. ನಾಲ್ವರು ಜೈಲಿನಲ್ಲಿದ್ದಾರೆ, ಇಬ್ಬರು ಎಲ್ಲಿ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನೀವು ಫೋನ್ ಕೆಳಗಿಟ್ಟು, "ಏಳರಲ್ಲಿ ಆರು," ಎಂದಿರಿ. ನನಗೆ ಆಗಲೂ ತಿಳಿಯಲಿಲ್ಲ. ನನ್ನ ಮೇಲಲ್ಲ, ಉಳಿದ ಆ ಒಬ್ಬರ ಮೇಲೆ ನಿಮ್ಮ ಅನುಮಾನ ಹೋದದ್ದು ಮರುದಿನ ನೀವು ಪತ್ರ ಬರೆಸಿದಾಗಲೇ ಗೊತ್ತಾಯಿತು. ಒಂದೇ ಸಾಲಿನ ಪತ್ರ: "ನಿನ್ನ ಕುರ್ಚಿ ಉಳಿಯಿತು, ಅದರಲ್ಲಿ ಸುಖವಾಗಿ ಕೂರು."

ನಲವತ್ತು ವರ್ಷದ ಗೆಳೆಯನಿಗೆ ನೀವು ಹೇಳಿದ ಆ ಮಾತನ್ನು ನಾನು ಬರೆದುಕೊಂಡೆ. ಟೈಪ್ ಮಾಡಿದೆ. ನಿಮ್ಮ ಬೆರಳು ಹಿಡಿದು ಸಹಿಯ ಜಾಗ ತೋರಿಸಿದೆ.

ಉತ್ತರ ಬಂದಾಗ ಓದಿ ಹೇಳಿದವಳೂ ನಾನೇ. "ಅವರು ನನ್ನನ್ನು ಯಾಕೆ ಬಿಟ್ಟರೋ ತಿಳಿಯದು. ದಿನಾ ಸಂಜೆ ಬ್ಯಾಗ್ ತುಂಬಿಸಿಟ್ಟು ಬಾಗಿಲ ಬಳಿ ಕೂರುತ್ತೇನೆ. ಯಾರೂ ಬರುವುದಿಲ್ಲ. ಆ ಆರು ಜನರ ಹೆಂಡತಿಯರು ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ." ನೀವು ಹರಿದುಹಾಕಿ ಎಂದಿರಿ. ಹರಿದೆ. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದೆ. ಲಿಫ್ಟಿಗೆ ಹೋದರೆ ಅಲ್ಲಿನ ಕನ್ನಡಿಯಲ್ಲಿ ನನ್ನ ಮುಖ ನೋಡಬೇಕಾಗುತ್ತಿತ್ತು.

ಪ್ರವೀಣ ನಿಮ್ಮ ದೇಶಕ್ಕೆ ಹೋದ, ಕ್ಷೇಮವಾಗಿ ಬಂದ. ನಿಜವಾಗಿಯೂ ಚೆನ್ನಾಗಿ ನೋಡಿಕೊಂಡರಂತೆ. ಅವನಿಗೆ ಇದು ಯಾವುದೂ ಗೊತ್ತಿಲ್ಲ.

ಮೂರು ವರ್ಷ ಕಳೆಯಿತು. ನೀವು ಖಾರ್ಘರದಲ್ಲಿ ನಿಮ್ಮ ತಂಗಿಯ ಮಗಳ ಮನೆಗೆ ಹೋದಿರಿ. ಗುರುವಾರ ಗುರುವಾರ ಬಂದು ಬರೆದುಕೊಂಡು ಹೋಗುತ್ತಿದ್ದೇನೆ. ಬಿಲ್ಡಿಂಗಿನ ಗೇಟಿನೆದುರು ತಿಂಗಳಿಗೊಮ್ಮೆ ಒಂದು ಬಿಳಿ ಕಾರು ನಿಲ್ಲುತ್ತದೆ, ಯಾರೂ ಇಳಿಯುವುದಿಲ್ಲ. ನನ್ನ ಭ್ರಮೆಯೇನೋ. ಮೊನ್ನೆ ನೀವು ಫೋನ್ ಮಾಡಿ, "ಕೊನೆಯ ಅಧ್ಯಾಯ. ಅವನ ಹೆಸರು ಜಗತ್ತಿಗೆ ತಿಳಿಯಲಿ. ಹೊಸ ಪೆನ್ಸಿಲ್ ತನ್ನಿ," ಎಂದಿರಿ.

ಅಂದಿನಿಂದ ನನಗೆ ಅನ್ನ ಇಳಿದಿಲ್ಲ. ನೀವು ಅವರನ್ನು ದ್ರೋಹಿ ಎಂದು ಬರೆಸಿದರೆ ಅವರ ಮಾನ ಹೋಗುತ್ತದೆ. ಏಳು ಜನರ ಒಪ್ಪಂದದಲ್ಲಿ ಅವರೂ ಇದ್ದರು ಎಂದು ಅಚ್ಚಾದರೆ, ಮೂರು ವರ್ಷದಿಂದ ಬಾರದವರು ಅದೇ ಸಂಜೆ ಅವರ ಬಾಗಿಲಿಗೆ ಬರುತ್ತಾರೆ. ಅದಕ್ಕೇ ಅವರ ಹೆಸರನ್ನು ನಾನು ಇಲ್ಲೂ ಬರೆಯುವುದಿಲ್ಲ. ಅದು ನಿಮ್ಮ ಕಿವಿಗೆ ಮಾತ್ರ.

ನಾಳೆ ಗುರುವಾರ. ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಹನ್ನೊಂದಕ್ಕೆ ಬರುತ್ತೇನೆ. ಹೊಸ ಪೆನ್ಸಿಲ್ ತರುವುದಿಲ್ಲ, ಹಳೆಯ ನೋಟ್‌ಬುಕ್ ತರುತ್ತೇನೆ. ನೀವು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕ್ಷಮಿಸಬೇಕಾದವರಲ್ಲಿ ಇಬ್ಬರು ಎಲ್ಲಿದ್ದಾರೋ. ನೀವು ಹೇಳದಿದ್ದರೂ ನಾನು ರೀಡ್ ಬ್ಯಾಕ್ ಮಾಡುತ್ತೇನೆ. ಆರು ಹೆಸರು ಓದುತ್ತೇನೆ, ಯಾರೆದುರು ಓದಿದ್ದೆನೆಂದು ಹೇಳುತ್ತೇನೆ. ಆಮೇಲೆ, ನಿಮಗೆ ಕೇಳಿಸುವ ಹಾಗೆ, ಪುಟ ತಿರುಗಿಸುತ್ತೇನೆ.