ಮೋಟಾರು ಮನೆಗೆ ಬಿಟ್ಟ ಬಯಲು

ನನ್ನ ಮಾವನವರು ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನಿಮಗೆ ಹಾಗೆ ಅನ್ನಿಸಲಿಕ್ಕಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಾಲ್ಕು ಮಾತು ಬೈದು ಮರೆಯಬಹುದಿತ್ತು.

ನಾನು ಜಗಳೂರಿನವಳು. ದೊಡ್ಡ ಯುದ್ಧ ಶುರುವಾಗುವುದಕ್ಕೆ ನಾಲ್ಕೈದು ವರ್ಷ ಮೊದಲು ಮದುವೆಯಾಗಿ ಚನ್ನಗಿರಿಯ ಹೊರಗೆ, ಹೊನ್ನಾಳಿ, ನ್ಯಾಮತಿ ಕಡೆಗೆ ಹೋಗುವ ದಾರಿಯ ಪಕ್ಕದ ಮನೆಗೆ ಬಂದೆ. ಮನೆಯ ಮುಂದೆ ಒಂದು ಬಯಲು. ಅದರಲ್ಲಿ ಎರಡು ಹುಣಸೆಮರ, ಒಂದು ಸೇದುವ ಬಾವಿ, ಬಾವಿಯ ಪಕ್ಕ ಎಂಟು ಎತ್ತುಗಳು ಸಾಲಾಗಿ ನಿಂತು ನೀರು ಕುಡಿಯುವಷ್ಟು ಉದ್ದದ ಕಲ್ಲುಬಾನಿ, ನೆಲದ ತುಂಬ ಎತ್ತು ಕಟ್ಟುವ ಗೂಟಗಳು. ದೂರದ ಗಾಡಿಗಳು ಸಂಜೆ ಅಲ್ಲಿ ನೊಗ ಇಳಿಸಿ ತಂಗಿ ಬೆಳಗಿನ ಜಾವ ಹೊರಡುತ್ತಿದ್ದವು. ಜಗಳೂರಿನ ಕಡೆಯಿಂದ ಶೇಂಗಾ, ಕಂಬಳಿ ಬರುತ್ತಿದ್ದವು. ಹೊನ್ನಾಳಿ ಕಡೆಯಿಂದ ಅಕ್ಕಿ, ಬೆಲ್ಲ.

ತಂಗಿದವರು ಕಾಸು ಕೊಡುವಂತಿರಲಿಲ್ಲ, ನಾವು ಕೇಳುವಂತಿರಲಿಲ್ಲ. ಎತ್ತು ಹಾಕಿದ ಸಗಣಿ ಮಾತ್ರ ನಮ್ಮದು. ಹೊರಡುವ ಮೊದಲು ಗಾಡಿಯವನು ತನ್ನ ಎತ್ತಿನ ಸಗಣಿಯನ್ನು ಕಾಲಿನಿಂದ ಒಂದು ಕಡೆಗೆ ಸರಿಸಿ ಹೋಗಬೇಕು, ಅದೇ ಅವನು ತೋರಿಸುವ ಮರ್ಯಾದೆ. ಬೆಳಕು ಹರಿಯುವಾಗ ಅತ್ತೆಯೂ ನಾನೂ ಬುಟ್ಟಿ ಹಿಡಿದು ಬಯಲಿಗೆ ಇಳಿಯುತ್ತಿದ್ದೆವು. ಅರ್ಧ ಕುಳ್ಳು ತಟ್ಟುವುದಕ್ಕೆ, ಅರ್ಧ ತಿಪ್ಪೆಗೆ. ಆ ಗೊಬ್ಬರವನ್ನು ಬಸವಾಪಟ್ಟಣದ ತೋಟದವರು ಒಯ್ದು ಬದಲಿಗೆ ಭತ್ತ ಅಳೆದು ಕೊಡುತ್ತಿದ್ದರು. ನನ್ನ ಗಂಡ ಪೇಟೆಯ ಅಡಿಕೆ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದರೂ ಮನೆ ನಡೆಯುತ್ತಿದ್ದುದು ಎತ್ತಿನ ಹಿಂಭಾಗದಿಂದಲೇ. ತವರಿನಲ್ಲಿ ಇದನ್ನು ಹೇಳಿಕೊಳ್ಳಲು ಮೊದಮೊದಲು ನಾಚಿಕೆಯಾಗುತ್ತಿತ್ತು.

ನನಗೆ ಆ ಬಯಲು ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಜಗಳೂರಿನ ಒಬ್ಬ ಮುದುಕ ಗಾಡಿಯವನು ಎರಡು ತಿಂಗಳಿಗೊಮ್ಮೆ ನ್ಯಾಮತಿ ಸಂತೆಗೆ ಹೋಗುವಾಗ ನಮ್ಮಲ್ಲಿ ತಂಗುತ್ತಿದ್ದ. ಅವನ ಬಾಯಲ್ಲಿ ನನ್ನ ಅವ್ವನ ಮಾತು ಬರುತ್ತಿತ್ತು. ಅವ್ವ ನನ್ನ ಅಣ್ಣನ ಮನೆಯಲ್ಲಿದ್ದಳು. ಅವಳಿಗೂ ಓದು ಬರಹ ಬಾರದು, ನನಗೂ ಆಗ ಬಾರದು. ಅಕ್ಷರ ಕಲಿತದ್ದು ಆಮೇಲೆ, ಮಗ ಶಾಲೆಗೆ ಹೋದಾಗ ಅವನ ಜೊತೆ. ಆ ಮುದುಕ ಅವ್ವ ಹೇಳಿದ್ದನ್ನು ಅವಳದೇ ಧಾಟಿಯಲ್ಲಿ, ಮಧ್ಯೆ ಅವಳು ಕೆಮ್ಮಿದ ಕಡೆ ತಾನೂ ತಡೆದು ಹೇಳುತ್ತಿದ್ದ. ನಾನು ಬಾನಿಗೆ ನೀರು ಸೇದಿ ಹಾಕುತ್ತಾ ಕೇಳುತ್ತಿದ್ದೆ. ವರ್ಷಕ್ಕೆ ಐದಾರು ಸಲ ನನಗೆ ತವರು ಸಿಗುತ್ತಿದ್ದುದು ಆ ಬಾನಿಯ ಹತ್ತಿರ ಮಾತ್ರ.

ಒಂದು ಬೇಸಿಗೆಯ ಮಧ್ಯಾಹ್ನ ಆ ಮೋಟಾರು ಬಂತು. ಬಸ್ಸಿಗಿಂತ ಸಣ್ಣದು, ಕಾರಿಗಿಂತ ದೊಡ್ಡದು. ದೇಶ ನೋಡಲು ಹೊರಟ ಒಬ್ಬ ಬಿಳಿಯ ದೊರೆ, ಅವನ ಹೆಂಡತಿ, ಕನ್ನಡ ಬಲ್ಲ ಒಬ್ಬ ಡ್ರೈವರು. ಹಿಂದಿನ ಬಾಗಿಲು ತೆರೆದರೆ ಒಳಗೆ ಸಂಸಾರವೇ ಇತ್ತು: ಮಡಚುವ ಮಂಚ, ಸೀಮೆಎಣ್ಣೆ ಒಲೆ, ಮುಖ ತೊಳೆಯುವ ಬೋಗುಣಿ, ಕಿಟಕಿಗೆ ಹೂವಿನ ಪರದೆ. ಅತ್ತೆ ಇಣುಕಿ ನೋಡಿ, ಇಷ್ಟೆಲ್ಲ ಇದ್ದ ಮೇಲೆ ಮನೆಯಲ್ಲೇ ಇರೋದಕ್ಕೆ ಇವರಿಗೆ ಏನು ರೋಗ ಎಂದರು. ನಾನು ಮಾತ್ರ ಆ ಪರದೆಯನ್ನು ಬಹಳ ಹೊತ್ತು ನೋಡಿದೆ.

ಅವರು ಎರಡು ದಿನ ಇದ್ದರು. ಬೇಕಾದದ್ದು ಮೂರೇ ಎಂದು ಡ್ರೈವರು ತಿಳಿಸಿದ: ಗಾಲಿ ವಾಲದ ಮಟ್ಟದ ನೆಲ, ಒಳ್ಳೆಯ ನೀರು, ಕೊಳಕು ನೀರು ಚೆಲ್ಲಲು ಒಂದು ಗುಂಡಿ. ನಮ್ಮಲ್ಲಿ ನೀರು ಬಿಟ್ಟರೆ ಉಳಿದ ಎರಡೂ ಇರಲಿಲ್ಲ. ಗೂಟಗಳ ಮಧ್ಯೆ ಮೋಟಾರು ನಿಲ್ಲಿಸಲು ಒದ್ದಾಡಿದರು. ದೊರೆಸಾನಿ ಇಳಿಯುವಾಗ ಸಗಣಿ ತುಳಿದಳು. ಆದರೂ ಹೊರಡುವ ದಿನ ದೊರೆ ಒಂದು ಪುಸ್ತಕ ತೆಗೆದು ಏನೋ ಬರೆದುಕೊಂಡ. ನಿಮ್ಮ ಜಾಗದ ಹೆಸರು ಬರೆದಿದ್ದಾರೆ, ಇಂಥ ಮೋಟಾರುಗಳು ಇನ್ನು ಬಹಳ ಬರುತ್ತವೆ, ಜಾಗ ಚೊಕ್ಕಟವಾಗಿದ್ದರೆ ಎಲ್ಲರೂ ಇಲ್ಲೇ ಇಳಿಯುತ್ತಾರೆ ಎಂದು ಡ್ರೈವರು ಹೇಳಿದ. ಮಾವನವರು ಆ ಮಾತಿಗೆ ಮಾರುಹೋದರು.

ಮೂರು ತಲೆಮಾರು ಗಾಡಿಯವರಿಗೆ ನೀರು ಕೊಟ್ಟರೂ ಯಾರೂ ಅವರ ಬಯಲಿನ ಹೆಸರನ್ನು ಎಲ್ಲಿಯೂ ಬರೆದುಕೊಂಡಿರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ನಮ್ಮ ಬಯಲು ಪುಸ್ತಕಕ್ಕೆ ಸೇರಿದೆ ಎಂದು ಹೇಳಿಕೊಂಡು ತಿರುಗಿದರು. ದಸರಾ ಹೊತ್ತಿಗೆ ಹಾರೆ ಹಿಡಿದು ಗೂಟ ಕಿತ್ತರು. ಆಳುಗಳನ್ನು ಕರೆಸಿ ನೆಲ ಮಟ್ಟ ಮಾಡಿಸಿದರು. ಕಲ್ಲುಬಾನಿ ಮೋಟಾರು ತಿರುಗಿಸಲು ಅಡ್ಡವೆಂದು ಆರು ಜನ ಸೇರಿ ಅದನ್ನು ಹಿತ್ತಲಿಗೆ ಉರುಳಿಸಿದರು, ಉರುಳುವಾಗ ಒಂದು ಮೂಲೆ ಒಡೆಯಿತು. ಗುಂಡಿ ತೋಡಿ ಅದಕ್ಕೆ ಹಲಗೆ ಮುಚ್ಚಿದರು. ಅಂಚಿಗೆ ಸಾಲುಗಲ್ಲು ನೆಟ್ಟು ಸುಣ್ಣ ಬಳಿಯಿರೆಂದರು. ಬಳಿದವಳು ನಾನೇ. ಸುಳ್ಳು ಏಕೆ ಹೇಳಲಿ, ಚೆಂದ ಕಾಣುತ್ತದೆ ಎಂದು ಎರಡನೇ ಕೈ ಸುಣ್ಣ ಬಳಿದದ್ದು ಯಾರೂ ಹೇಳದೆಯೇ.

ಅತ್ತೆ ಒಬ್ಬರೇ ಎದುರಾಡಿದರು. ಹಿತ್ತಲಿನ ಬಾನಿಯ ಮೇಲೆ ಕೂತು ಕೇಳಿದರು: “ಆ ಮೋಟಾರು ಸಗಣಿ ಹಾಕ್ತೈತೇನ್ರೀ? ನಾಳೆ ಒಲೆಗೆ ಏನು ಇಡಾದು?”

ಮೋಟಾರಿನವರು ದೊಡ್ಡವರು, ಏನಾದರೂ ಕೊಡದೆ ಹೋಗುತ್ತಾರೆಯೇ ಎಂದರು ಮಾವ. ಆದರೆ ಕೇಳುವುದು ಅವರ ಜಾಯಮಾನವಲ್ಲ. ತಂಗಿದವರ ಹತ್ತಿರ ಕೈಯೊಡ್ಡಿದರೆ ಹಿರಿಯರು ಮೆಚ್ಚುವುದಿಲ್ಲ ಎಂಬ ಹಳೆಯ ನೇಮವನ್ನು ಹಾಗೆಯೇ ಇಟ್ಟುಕೊಂಡು, ಆ ನೇಮವನ್ನು ಸಾಕುತ್ತಿದ್ದ ಎತ್ತುಗಳನ್ನು ಅಟ್ಟಿದರು. ಈಗಲೂ ಇದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಗಾಡಿಯವರಿಗೆ ಇದನ್ನು ಹೇಳುವವರು ಯಾರು? ಜೀವಮಾನವೆಲ್ಲ ಬನ್ನಿ ಎಂದ ಬಾಯಲ್ಲಿ ಹೋಗಿ ಎನ್ನುವುದಕ್ಕೆ ಮಾವನವರಿಗೆ ಆಗಲಿಲ್ಲ. ಗಾಡಿಯ ಗೆಜ್ಜೆ ಕೇಳಿಸಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಹೇಳುವ ಕೆಲಸ ಹೆಂಗಸರ ಪಾಲಿಗೆ ಬಂತು. ಅತ್ತೆ ಖಡಾಖಂಡಿತ ಒಲ್ಲೆನೆಂದರು. ಹಾಗಾಗಿ ಅದು ನನ್ನ ಪಾಲಿಗೆ ಉಳಿಯಿತು. ಸೆರಗು ಮುಂದೆ ಎಳೆದುಕೊಂಡು ಜಗಲಿಯ ಕಂಬದ ಹಿಂದೆ ನಿಂತು, ಇಲ್ಲಿ ಗಾಡಿ ಬಿಡುವಂತಿಲ್ಲ, ಕೆರೆ ಏರಿಯ ಹತ್ತಿರ ಜಾಗವಿದೆ ಎನ್ನಬೇಕು. ಕೆರೆ ಏರಿ ಅಲ್ಲಿಂದ ಒಂದೂವರೆ ಮೈಲಿ. ಹಳಬರು ಕಂಬದ ಕಡೆ ನೋಡಿ, ಎತ್ತಿನ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಮೋಟಾರು ಮನೆಗಳು ಬರಲಿಲ್ಲ. ಮೂರು ವರ್ಷದಲ್ಲಿ ಅಂಥದು ಬಂದದ್ದು ಇನ್ನೊಂದೇ. ಅವರು ಗುಂಡಿಯನ್ನು ಬಿಟ್ಟು ಸೋಪಿನ ನೀರನ್ನು ಬಾವಿಯ ಕಟ್ಟೆಗೇ ಚೆಲ್ಲಿ ಹೋದರು. ಆಮೇಲೆ ಯುದ್ಧ ಬಂತು, ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುವಂತಾಯಿತು. ಬಸ್ಸುಗಳೇ ಇದ್ದಿಲ ಹೊಗೆಯಲ್ಲಿ ಉಬ್ಬಸಪಡುತ್ತಾ ಓಡುವ ಕಾಲದಲ್ಲಿ ಮಂಚ ಕಟ್ಟಿಕೊಂಡು ದೇಶ ನೋಡಲು ಯಾರು ಬರುತ್ತಾರೆ? ಮಾವ ಮಾತ್ರ ಪ್ರತಿ ವಾರ ಬಯಲು ಗುಡಿಸಲು ಹೇಳುತ್ತಿದ್ದರು. ಅತ್ತೆ ಬುಟ್ಟಿ ಹಿಡಿದು ದಾರಿಯಲ್ಲಿ ಹೋಗುವ ಎತ್ತುಗಳ ಹಿಂದೆ ನಡೆಯುತ್ತಿದ್ದರು. ಒಮ್ಮೆ ಅವರು ಕೆರೆ ಏರಿಯವರೆಗೆ ಹೋಗಿ, ಅಲ್ಲಿನವರು ಇದು ನಮ್ಮ ಪಾಲು ಎಂದದ್ದಕ್ಕೆ ಬರಿ ಬುಟ್ಟಿಯೊಂದಿಗೆ ಹಿಂದಿರುಗಿದ್ದನ್ನು ನಾನು ನೋಡಿದ್ದೇನೆ.

ಜಗಳೂರಿನ ಮುದುಕ ಮಾತ್ರ ನನ್ನನ್ನು ಬಿಡಲಿಲ್ಲ. ಏರಿಯ ಹತ್ತಿರ ಎತ್ತು ಕಟ್ಟಿ ಅಷ್ಟು ದೂರ ನಡೆದೇ ಬರುತ್ತಿದ್ದ, ಮೊಣಕಾಲು ಹಿಡಿದುಕೊಂಡು. ಕೊನೆಯ ಸಲ ಬಂದಾಗ ಮಗು ನನ್ನ ತೊಡೆಯ ಮೇಲಿತ್ತು.

“ಮಗಳೇ, ನಿಮ್ಮವ್ವಂಗೆ ದಮ್ಮು ಜಾಸ್ತಿ ಆಗೈತೆ” ಎಂದ. “ಕೂಸು ಸಣ್ಣದೈತೆ, ಈಗ ಬರಾಕೆ ಹೋಗಬ್ಯಾಡ ಅಂದಾಳೆ. ತೀರಾ ಆಗದಿದ್ರೆ ಹೇಳಿ ಕಳಿಸ್ತೀನಿ, ಆವಾಗ ನಿಂತ ಕಾಲ ಮೇಲೆ ಬಾ ಅಂದಾಳೆ.”

ಅಂದಿನಿಂದ ನಾನು ಆ ಕರೆಗಾಗಿ ಕಾದೆ. ಸೀರೆ ಎರಡನ್ನು ಒಗೆದು ಗಂಟು ಕಟ್ಟಿಟ್ಟಿದ್ದೆ. ಗಂಡನಿಗೂ ಹೇಳಿಟ್ಟಿದ್ದೆ. ಕರೆ ಬಂದ ದಿನ ಯಾರನ್ನೂ ಕೇಳುವುದಿಲ್ಲ, ಹೊರಡುತ್ತೇನೆ ಎಂದು.

ಕಾರ್ತಿಕದ ಒಂದು ಸಂಜೆ ದೀಪ ಹಚ್ಚುತ್ತಿದ್ದೆ. ದಾರಿಯಲ್ಲಿ ಒಂದು ಗಾಡಿ ನಿಂತಿತು. ಗಾಡಿಯವನು ಹೊಸಬ, ಚಿಕ್ಕ ವಯಸ್ಸು. ಅವನು ಕೆಳಗಿಳಿದು ನಮ್ಮ ಬಯಲನ್ನೂ ಸುಣ್ಣದ ಕಲ್ಲುಗಳನ್ನೂ ನೋಡಿ ತಲೆ ಕೆರೆದುಕೊಂಡ. ಮಾವ ಹಿತ್ತಲಿಗೆ ಹೋದರು. ನಾನು ಕಂಬದ ಹಿಂದೆ ನಿಂತೆ.

“ಅಕ್ಕಾರೆ, ಇಲ್ಲಿ ದೊಡ್ಡ ಕಲ್ಲುಬಾನಿ ಇರೋ ಬಯಲು ಯಾವುದು?”

“ಇಲ್ಲಿ ಬಾನಿ ಇಲ್ಲ, ಗಾಡಿ ಬಿಡಾಕೆ ಜಾಗ ಇಲ್ಲ. ಕೆರೆ ಏರಿ ಕಡೆ ಹೋಗ್ರಿ” ಎಂದೆ.

ನೂರಾರು ಸಲ ಹೇಳಿ ರೂಢಿಯಾದ ಮಾತು. ಎತ್ತಿಗೆ ನೀರು ಬೇಕಾಗಿರಬೇಕು, ಅದಕ್ಕೆ ಬಾನಿ ಕೇಳುತ್ತಾನೆ ಎಂದುಕೊಂಡೆ. ಪರಗಂಡಸಿಗೆ ಮುಖ ಕೊಟ್ಟು ಯಾವ ಊರು ಎಂದು ಕೇಳಲಿಲ್ಲ. ಅವನೂ ಮತ್ತೇನೂ ಹೇಳದೆ ಗಾಡಿ ಹೊಡೆದ. ನಾನು ಒಳಗೆ ಹೋಗಿ ಮಗುವಿಗೆ ಅನ್ನ ಕಲಸಿದೆ.

ಹದಿನೈದು ದಿನ ಕಳೆದ ಮೇಲೆ ಮುದುಕ ಬಂದ, ಬೇರೆಯವರ ಗಾಡಿಯಲ್ಲಿ ಮಲಗಿಕೊಂಡು. ಇಳಿಯುವ ಮೊದಲೇ ಅಳುತ್ತಿದ್ದ. ಅವನ ಮೊಣಕಾಲು ಪೂರ್ತಿ ಸೋತಿದ್ದರಿಂದ ಅವ್ವನ ಕರೆಯನ್ನು ತನ್ನ ತಮ್ಮನ ಮಗನ ಕೈಯಲ್ಲಿ ಹೇಳಿ ಕಳಿಸಿದ್ದ. ಪರರ ಮನೆಯ ಹೆಣ್ಣುಮಗಳ ಹೆಸರನ್ನು ದಾರಿಯಲ್ಲಿ ಹಿಡಿದು ಕೇಳಬಾರದು, ದೊಡ್ಡ ಬಾನಿ ಇರುವ ಬಯಲಿನ ಮನೆ ಎಂದು ಕೇಳು, ಅಲ್ಲಿನ ಸೊಸೆಗೆ ಹೇಳು ಎಂದಿದ್ದ. ಆ ಬಾನಿ ಕಿತ್ತದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಲವತ್ತು ವರ್ಷ ನೋಡಿದ ಬಾನಿ, ಹೇಳುವಾಗ ಬಾಯಿಗೆ ಅದೇ ಬಂತಂತೆ. ದೀಪ ಹಚ್ಚುವ ಹೊತ್ತಿನಲ್ಲಿ ಕೆಟ್ಟ ಸುದ್ದಿಯನ್ನು ಯಾರದೋ ಮನೆಯ ಬಾಗಿಲಲ್ಲಿ ಬಾಯಿಬಿಡಬಾರದೆಂದು ಆ ಹುಡುಗನೂ ನನ್ನೆದುರು ಸುಮ್ಮನಾಗಿದ್ದ. ಏರಿಯ ಹತ್ತಿರ ಕೇಳಿದರೂ ಅಂದು ತಂಗಿದ್ದವರೆಲ್ಲ ಹೊಸಬರಾಗಿ ಯಾರಿಗೂ ತಿಳಿಯದೆ, ಹೇರಿದ ಶೇಂಗಾ ಇಳಿಸಲು ನ್ಯಾಮತಿಗೆ ಹೋಗಿದ್ದ. ಅವನು ಜಗಳೂರಿಗೆ ಮರಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾವನವರು ಹಿತ್ತಲಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಮುಂದಕ್ಕೆ ಬರಲಿಲ್ಲ. ನಾನು ಮಗುವನ್ನೂ ಗಂಟನ್ನೂ ಎತ್ತಿಕೊಂಡು ಅದೇ ಗಾಡಿ ಹತ್ತಿದೆ.

ಮೂರನೆಯ ದಿನ ಜಗಳೂರು ಮುಟ್ಟಿದೆ. ಅತ್ತಿಗೆ ನನ್ನನ್ನು ತಬ್ಬಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಅವ್ವ ಹಾಸಿಗೆಯಲ್ಲಿ ಮಲಗಿ ಗಾಡಿಯ ದಾರಿಯನ್ನು ಲೆಕ್ಕ ಹಾಕುತ್ತಿದ್ದಳಂತೆ. ಇವತ್ತು ಇಂಥ ಕಡೆ ಬಿಟ್ಟಿರುತ್ತಾನೆ, ನಾಳೆ ಚನ್ನಗಿರಿ, ನಾಳೆ ಸಂಜೆಗೆ ಅವಳಿಗೆ ತಿಳಿಯುತ್ತದೆ, ನಾಳಿದ್ದು ಹೊರಡುತ್ತಾಳೆ ಎಂದು. ಐದನೆಯ ದಿನದಿಂದ ಬಾಗಿಲು ಹಾಕಲು ಬಿಡಲಿಲ್ಲ. ಎಂಟನೆಯ ದಿನ ತಾನಾಗಿಯೇ ಹಾಕಿರಿ ಎಂದಳು. ಆಗ ಏನು ಹೇಳಿದಳು ಎಂದು ಅತ್ತಿಗೆಯನ್ನು ಕೇಳಿದೆ. ಬೇಡ ಎಂದರು. ನಾನು ಬಿಡಲಿಲ್ಲ.

“ಸುದ್ದಿ ಮುಟ್ಟೈತೆ, ಅವಳಿಗೇ ಬರಾಕೆ ಮನಸ್ಸಿಲ್ಲ, ಬಿಡ್ರಿ ಅಂದ್ಲು” ಎಂದರು ಅತ್ತಿಗೆ.