ಹಣ್ಣಡಿಕೆಯ ಸಿಪ್ಪೆ

ಚರಕ್, ಟಕ್. ಚರಕ್, ಟಕ್. ಕತ್ತಿಗೆ ಸಿಪ್ಪೆ ಸೀಳುವ ಸದ್ದು, ಬೆನ್ನಿಗೇ ಅಡಿಕೆ ಡಬ್ಬಕ್ಕೆ ಬೀಳುವ ಸದ್ದು. ಎರಡು ಸಾವಿರದ ಇಸವಿಯ ಆಚೀಚೆ, ಕಮ್ಮರಡಿಯ ನಮ್ಮ ಅಂಗಳದಲ್ಲಿ ಸುಲಿಯಲು ಕೂರುತ್ತಿದ್ದ ಆರೇಳು ಹೆಂಗಸರಲ್ಲಿ ಒಬ್ಬಳ ಸದ್ದು ಬೇರೆಯೇ. ನಡುವೆ ತಡೆಯೆಂಬುದಿಲ್ಲ. ಕತ್ತಿಯ ಕಡೆ ನೋಡದೆ ಮಾತಾಡುತ್ತಲೇ ಸುಲಿಯುತ್ತಿದ್ದಳು. ಒಂದು ಅಡಿಕೆಗೂ ಗಾಯವಿಲ್ಲ.

“ಫಿನಾಮಿನಲ್ ಕಣೇ ನೀನು!” ಎಂದೆ ಒಂದು ಮಧ್ಯಾಹ್ನ. ಕಾನ್ವೆಂಟಿನ ಚಾಳಿ, ನನಗೆ ಮೆಚ್ಚುಗೆ ಬಾಯಿಗೆ ಬರುವುದು ಇಂಗ್ಲಿಷಿನಲ್ಲೇ.

“ಅದೆಂತ ಅಮ್ಮಾ, ಬಯ್ಗುಳವಾ?” ಎಂದಳು. ಎಲ್ಲರೂ ನಕ್ಕರು.

ಅಸಾಧಾರಣ ಅಂತ ಅರ್ಥ ಎಂದೆ. ಅದು ಸಾಲದೆಂದು ನನ್ನ ಸ್ಕೂಲಿನ ಕಾಲದ ಡಿಕ್ಷನರಿಯನ್ನೇ ಹೊರತಂದೆ. ಮೂಲ ಗ್ರೀಕ್, ‘ಕಾಣಿಸಿಕೊಳ್ಳುವುದು’ ಎಂಬುದರಿಂದ ಹುಟ್ಟಿದ ಮಾತು. ಮೊದಲು ಕಣ್ಣಿಗೆ ಕಂಡದ್ದಕ್ಕೆಲ್ಲ ಸಲ್ಲುತ್ತಿದ್ದದ್ದು, ಬರಬರುತ್ತಾ ಕಂಡವರು ಬೆರಗಾಗುವಂಥದ್ದಕ್ಕೆ ಬಂದು ನಿಂತಿತು. ಟೀಚರಮ್ಮನ ಹಾಗೆ ಅಷ್ಟನ್ನೂ ಒಪ್ಪಿಸಿದೆ. ಅವಳು ತಲೆ ತಗ್ಗಿಸಿ ಮುಂದಿನ ಅಡಿಕೆಗೆ ಕೈಹಾಕಿದಳು.

ಪುಸ್ತಕ ಮುಚ್ಚುವಾಗ, ಅವಳ ಮುಂದಿನ ಹಸಿರು ಸಿಪ್ಪೆಯ ರಾಶಿಯಲ್ಲಿ ಕಿತ್ತಳೆ ಬಣ್ಣ ಕಂಡಿತು. ಹಣ್ಣಡಿಕೆಯ ಸಿಪ್ಪೆ. ಹಣ್ಣಡಿಕೆಯನ್ನು ಯಾರೂ ಹಸಿರು ಕಾಯಿಯ ಜೊತೆ ಸುಲಿಯುವುದಿಲ್ಲ, ಪಕ್ಕದ ಬುಟ್ಟಿಗೆ ಎಸೆಯುತ್ತಾರೆ. ಮೊದಲ ದಿನ ಕೂತವಳಿಗೂ ಗೊತ್ತಿರುವ ಸಂಗತಿ. ಇವಳ ರಾಶಿಯಲ್ಲಿ ನಾಲ್ಕಿದ್ದವು.

ಉಳಿದವರು ಕಾಫಿಗೆ ಎದ್ದಾಗ ಮೆಲ್ಲಗೆ ಕೇಳಿದೆ.

“ಹಗಲೂ ಮಂಜು ಮುಸುಕಿದ ಹಾಗೆ ಅಮ್ಮಾ. ಬೆರಳೇ ನೋಡ್ತದೆ. ಯಾರಿಗೂ ಹೇಳ್ಬೇಡಿ, ಆಮೇಲೆ ನನ್ನನ್ನ ಸುಲಿಯಕ್ಕೆ ಯಾರು ಕರೀತಾರೆ?”

“ಕ್ಯಾಟರಾಕ್ಟ್ ಇರಬೇಕು ಮಾರಾಯ್ತಿ. ಕೊಪ್ಪದಲ್ಲಿ ಐ ಕ್ಯಾಂಪ್ ಇದೆ, ಹೋಗು.”

“ಕಣ್ಣಿಗೇ ಕತ್ತಿ ಹಾಕ್ತಾರಂತೆ!”

“ದಿನಾ ಕತ್ತಿ ಮುಂದೆ ಕೂರೋಳು ನೀನೇ ಹೆದರ್ತೀಯಾ?”

ಹೋದಳು. ಆಪರೇಷನ್ ಆಯಿತೆಂದು ಸುದ್ದಿ ಬಂತು. ಆದರೆ ಆರೈಕೆಗೆಂದು ಮಗಳು ಅವಳನ್ನು ಎನ್.ಆರ್.ಪುರದ ಕಡೆ, ಕಡಹಿನಬೈಲಿಗೆ ಕರೆದೊಯ್ದಳು. ಮರುವರ್ಷ ನಮ್ಮ ಅಂಗಳಕ್ಕೆ ಸುಲಿಯುವ ಮೆಷಿನ್ ಬಂತು. ಒಂದೇ ಸಮನೆ ಗುರ್ರೆನ್ನುವ ಅದರ ಸದ್ದಿನಲ್ಲಿ ಯಾರ ಕೈಯನ್ನೂ ಗುರುತಿಸುವ ಹಾಗಿರಲಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ. ನಾನು ನೋಡಿರಲೇ ಇಲ್ಲ. ಹೊರಟುನಿಂತ ಎನ್.ಆರ್.ಪುರದ ಬಸ್ಸಿನ ಕಿಟಕಿಯಿಂದ ಕೂಗು: “ಅಮ್ಮಾ, ಸೀರೆ ಫಾಲ್ ಬಿಚ್ಚಿ ಹೋಗ್ಯದೆ! ಹಿಂದೆ, ಹಿಮ್ಮಡಿ ಹತ್ರ!”

ಬಗ್ಗಿ ನೋಡಿದೆ. ನಾಲ್ಕು ಬೆರಳಷ್ಟು ಬಿಚ್ಚಿತ್ತು. ತಲೆ ಎತ್ತಿದಾಗ ಬಸ್ಸು ಹೊರಳುತ್ತಿತ್ತು. ದಪ್ಪ ಕನ್ನಡಕದೊಳಗಿನಿಂದ ಅವಳು ಇನ್ನೂ ನನ್ನ ಸೀರೆಯಂಚನ್ನೇ ನೋಡುತ್ತಿದ್ದಳು.