ಮೈದಾನ್ ಹವಲ್ಲಿಯ ಇಂಗ್ಲಿಷ್ ಸಿನಿಮಾ ನಟ

ಕುವೈತಿನಲ್ಲಿ ಬೆಳೆಯುತ್ತಿದ್ದ ಹತ್ತು ವರ್ಷದ ನೈಜೆಲ್ ಕ್ರಾಸ್ತಾನಿಗೆ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್ ಆಗಬೇಕೆಂಬ ಒಂದೇ ಆಸೆಯಿತ್ತು. ಸಿನಿಮಾ ಅವನ ತಲೆಯಲ್ಲೇ ಇರಲಿಲ್ಲ. ಆದರೆ ೨೦೦೧ರ ಏಪ್ರಿಲ್‌ನ ಒಂದು ಬೆಳಿಗ್ಗೆ ಧೂಳಿನ ಗಾಳಿ ಎದ್ದು ಆಟ ನಿಂತುಹೋಯಿತು. ಮಕ್ಕಳನ್ನೆಲ್ಲ ಸಭಾಂಗಣದೊಳಗೆ ಕೂರಿಸಿದರು. ಇಂಗ್ಲೆಂಡಿನಿಂದ ಬಂದ ಹೆಲೆನ್ ಎಂಬ ನಿರ್ದೇಶಕಿ ತನ್ನ ಸಿನಿಮಾಕ್ಕೆ ಅಲ್ಲಿ ಒಬ್ಬ ಹುಡುಗನನ್ನು ಹುಡುಕುತ್ತಿದ್ದಳು.

ಬೇರೆ ಹುಡುಗರು ಹಾಡಿದರು, ಕುಣಿದರು, ಅತ್ತು ತೋರಿಸಿದರು. ಹೆಲೆನ್ ಯಾರನ್ನೂ ಹಾಡಲು ಹೇಳಿರಲಿಲ್ಲ. ಅವಳು ಒಂದು ಹಾಳೆ ಹಿಡಿದು, ಕಣ್ಣು ಕಾಣದ ಒಂದು ನಾಯಿಯ ಕಥೆ ಓದುತ್ತ, ಎದುರು ಕುಳಿತ ಮಗುವಿನ ಮುಖ ನೋಡುತ್ತಿದ್ದಳು ಅಷ್ಟೆ. ಓದು ಮುಗಿದಾಗ ನೈಜೆಲ್ ಕೇಳಿದ, "ಆಮೇಲೆ ನಾಯಿಗೆ ಏನಾಯ್ತು?" ಹೆಲೆನ್ ಹಾಳೆ ಮಡಚಿಟ್ಟು ಅವನ ಹೆಸರು ಬರೆದುಕೊಂಡಳು.

ಮನೆಯಲ್ಲಿ ಸುದ್ದಿ ಕೇಳಿ ಅಪ್ಪ ವಿಲ್ಫ್ರೆಡ್ ಮೊದಲು ನಕ್ಕ. ಅವನು ಶರ್ಕ್‌ನಲ್ಲಿ ಕಾರಿನ ಬಿಡಿಭಾಗ ಮಾರುವ ಕಂಪನಿಯ ಗೋಡೌನ್ ನೋಡಿಕೊಳ್ಳುವವನು. ತಾಯಿ ಸೂಸನ್ ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸ್. ಶಿರ್ವದ ಕಡೆಯ ಈ ದಂಪತಿ ಮೈದಾನ್ ಹವಲ್ಲಿಯ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿದ್ದರು. ಮನೆಯಲ್ಲಿ ಅಪ್ಪ ಅಮ್ಮನದು ಕೊಂಕಣಿ, ಕನ್ನಡ. ಮಗನ ಉತ್ತರವೆಲ್ಲ ಇಂಗ್ಲಿಷ್.

"ಕಥೆ ಎಂತದ್ದಂತೆ ಸಿನಿಮಾದ್ದು?" ಎಂದು ಸೂಸನ್ ಕೇಳಿದಳು.

ನೈಜೆಲ್ ಹೇಳಿದ. ೧೯೯೦ರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಒಬ್ಬ ಇಂಗ್ಲಿಷ್ ಮೇಷ್ಟ್ರು ಫ್ಲ್ಯಾಟಿನಲ್ಲಿ ಅಡಗಿ ಕೂರುತ್ತಾನೆ. ಮೇಲಿನ ಮನೆಯ ಇಂಡಿಯಾದ ಹುಡುಗ ಅವನಿಗೆ ರೊಟ್ಟಿ ತಂದುಕೊಡುತ್ತಾನೆ. ಕೊನೆಗೆ ಹುಡುಗನ ಮನೆಯವರು ಬಸ್ಸು ಹತ್ತಿ ಹೊರಟುಹೋಗುತ್ತಾರೆ.

ಸೂಸನ್ ಎದ್ದು ಅಡುಗೆಮನೆಗೆ ಹೋದಳು. "ಬೇಕಾದ್ರೆ ಮಾಡ್ಲಿ. ನನ್ನನ್ನು ಮಾತ್ರ ನೋಡ್ಲಿಕ್ಕೆ ಕರೀಬೇಡಿ," ಎಂಬ ಮಾತು ಒಳಗಿನಿಂದ ಕೇಳಿತು. ಯಾಕೆಂದು ನೈಜೆಲನಿಗೆ ಗೊತ್ತಾಗಲಿಲ್ಲ. ಅಪ್ಪ ಅಮ್ಮನೂ ಆ ವರ್ಷವೇ ಊರಿಗೆ ಓಡಿ ಯುದ್ಧ ಮುಗಿದ ಮೇಲೆ ಮರಳಿದ್ದವರು, ತಾನು ಹುಟ್ಟಿದ್ದು ಮಂಗಳೂರಿನಲ್ಲಿ ಎಂಬುದಷ್ಟೇ ಅವನಿಗೆ ತಿಳಿದಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ.

ನವೆಂಬರಿನಲ್ಲಿ ಹವಲ್ಲಿಯ ಒಂದು ಹಳೇ ಕಟ್ಟಡದ ಮುಂದೆ ಚಿತ್ರೀಕರಣ ನಡೆಯಿತು. ವಿಲ್ಫ್ರೆಡ್ ರಜೆ ಹಾಕಿ ಮಗನ ಜೊತೆ ಬರುತ್ತಿದ್ದ. ನೈಜೆಲ್ ಹೇಳಿದ್ದನ್ನು ಹೇಳಿದಂತೆ ಮಾಡಿದ. ರೊಟ್ಟಿ ಹಿಡಿದು ಮೆಟ್ಟಿಲಿಳಿದ, ಬಾಗಿಲಿಗೆ ಕಿವಿಯಿಟ್ಟು ನಿಂತ. ಎಲ್ಲರೂ ಭಲೇ ಎಂದರು. ಆದರೆ ಬಸ್ಸಿನ ದೃಶ್ಯ ಬಂದಾಗ ಕೆಲಸ ಕೈಕೊಟ್ಟಿತು. ಮೇಷ್ಟ್ರು ಉಳಿದುಹೋಗಿರುವ ಮನೆಯ ಕಿಟಕಿಯನ್ನು ಹುಡುಗ ಬಸ್ಸಿನೊಳಗಿಂದ ನೋಡಬೇಕು. ಎಷ್ಟು ಸಲ ತೆಗೆದರೂ ನೈಜೆಲ್ ಖಾಲಿ ಕಿಟಕಿಯನ್ನೇ ನೋಡುತ್ತಿದ್ದ. ಅದು ಖಾಲಿ ಎಂದು ಅವನ ಮುಖವೇ ಹೇಳುತ್ತಿತ್ತು.

ಅವನು ಅಪ್ಪನನ್ನು ಹುಡುಕಿದ. ಟೀ ಮೇಜಿನ ಬಳಿ ನಿಂತಿದ್ದ ವಿಲ್ಫ್ರೆಡ್ ಅಲ್ಲಿರಲಿಲ್ಲ. ಮೇಲೆ ಗಂಟುಮೂಟೆ ಕಟ್ಟಿದ ಬಸ್ಸುಗಳು ಸಾಲಾಗಿ ಬಂದು ನಿಂತ ಕೂಡಲೇ ಅವನು ಕಪ್ಪು ಕೆಳಗಿಟ್ಟು ಗಲ್ಲಿಯ ತಿರುವಿಗೆ ಹೋಗಿ ಗೋಡೆಗೆ ಒರಗಿ ನಿಂತಿದ್ದ.

"ಪಪ್ಪಾ, ಐ ಕಾಂಟ್ ಡು ಇಟ್," ಎಂದ ನೈಜೆಲ್.

ವಿಲ್ಫ್ರೆಡ್ ಮಗನನ್ನು ಪಕ್ಕದ ಮೆಟ್ಟಿಲ ಮೇಲೆ ಕೂರಿಸಿಕೊಂಡ. "ಬೆಟ್ಟಿ ಆಂಟಿ ಗೊತ್ತುಂಟಲ್ಲ, ಪುತಾ? ಮನೆಯ ಆಲ್ತಾರಿನಲ್ಲಿ ಶಿಲುಬೆಯ ಹತ್ರ ಇರುವ ಫೋಟೋ?"

"ಮಮ್ಮೀಸ್ ಸಿಸ್ಟರ್."

"ಹಾಂ. ಅವಳೂ ಇಲ್ಲೇ ನರ್ಸ್ ಇದ್ದದ್ದು. ನಾವು ಬಸ್ಸು ಹತ್ತುವಾಗ ಬಂದಿದ್ಲು. ವಾರ್ಡಲ್ಲಿ ಸಣ್ಣ ಸಣ್ಣ ಮಕ್ಕಳಿದ್ದಾರೆ, ಅವರನ್ನು ಬಿಟ್ಟು ನಾನು ಹೇಗೆ ಬರುವುದು, ಮುಂದಿನ ಬಸ್ಸಿಗೆ ಬರ್ತೇನೆ ಅಂದ್ಲು. ನಿನ್ನ ಮಮ್ಮಿ ಬಸುರಿ, ನೀನು ಹೊಟ್ಟೆಯಲ್ಲಿ. ಬಸ್ಸು ಹೊರಟ್ರೂ ಮಮ್ಮಿ ಕಿಟಕಿ ಬಿಡ್ಲಿಲ್ಲ. ಬೆಟ್ಟಿ ಕಾಣದ ಮೇಲೂ ನೋಡ್ತಾನೇ ಇದ್ಲು. ಇರಾಕ್ ದಾಟಿಯೇ ಊರಿಗೆ ಹೋಗ್ಬೇಕಿತ್ತು, ಬಾಗ್ದಾದ್ ಮುಟ್ಟುವವರೆಗೆ ನನ್ನ ಹತ್ರ ಒಂದು ಮಾತಾಡ್ಲಿಲ್ಲ."

"ಆಂಟಿ ಮುಂದಿನ ಬಸ್ಸಿಗೆ ಬಂದ್ರಾ?" ನೈಜೆಲ್ ತನಗೆ ಗೊತ್ತಿಲ್ಲದೆಯೇ ಕನ್ನಡದಲ್ಲಿ ಕೇಳಿದ್ದ.

"ಇಲ್ಲ ಮಗಾ. ಆ ಚಳಿಗಾಲ ಅವಳಿಗೆ ನ್ಯುಮೋನಿಯಾ ಆಯ್ತು. ಆಗ ಆಸ್ಪತ್ರೆಯಲ್ಲಿ ಮದ್ದೇ ಇರ್ಲಿಲ್ಲ."

ನೈಜೆಲ್ ಹಿಂದಿರುಗಿ ಬಸ್ಸು ಹತ್ತಿದ. ಬಸ್ಸು ಹೊರಟಿತು. ಅವನು ಅಳಲಿಲ್ಲ. ಕಿಟಕಿಯ ಸರಳು ಹಿಡಿದು, ಕಟ್ಟಡ ಮರೆಯಾದ ಮೇಲೂ ಕತ್ತು ತಿರುಗಿಸಿ ನೋಡುತ್ತಲೇ ಇದ್ದ. ಹೆಲೆನ್ ಕ್ಯಾಮೆರಾ ನಿಲ್ಲಿಸಲು ಹೇಳುವುದನ್ನೇ ಮರೆತಳು.

ಆ ಚಿತ್ರ ಲಂಡನ್ನಿನಲ್ಲಿ ತೆರೆಕಂಡಾಗ ಪತ್ರಿಕೆಗಳು ಬರೆದದ್ದೆಲ್ಲ ಆ ಮುಖದ ಬಗ್ಗೆಯೇ. ಕುವೈತಿನ ಚರ್ಚಿನ ಹಾಲಿನಲ್ಲಿ ತೋರಿಸಿದಾಗ ಸೂಸನ್ ಬರುವುದಿಲ್ಲ ಎಂದವಳು ಕೊನೇ ಗಳಿಗೆಯಲ್ಲಿ ಬಂದು ಹಿಂದಿನ ಸಾಲಿನಲ್ಲಿ ಗಂಡನ ಪಕ್ಕ ಕುಳಿತಳು. ಬಸ್ಸಿನ ದೃಶ್ಯ ಮುಗಿದಾಗ ಗಂಡನತ್ತ ವಾಲಿ, "ನೀವು ಹೇಳಿದ್ದಲ್ವಾ ಅವನಿಗೆ?" ಎಂದಳು. ವಿಲ್ಫ್ರೆಡ್ ಬಯ್ಯಿಸಿಕೊಳ್ಳಲು ತಯಾರಾದ. ಅವಳು ಬಯ್ಯಲಿಲ್ಲ. ಮನೆಗೆ ಹೋಗಿ ಪೆಟ್ಟಿಗೆಯಿಂದ ಅಕ್ಕನ ಹಳೇ ಆಲ್ಬಮ್ ತೆಗೆದು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಫೋಟೋ ತೋರಿಸಿದಳು.

ನೈಜೆಲ್ ಈಗ ಕುವೈತಿನ ಮಂಗಳೂರಿಗರ ಬಾಯಲ್ಲಿ ಇಂಗ್ಲಿಷ್ ಸಿನಿಮಾ ನಟ. ಮದುವೆ, ನಾಮಕರಣ, ಎಲ್ಲಿ ಹೋದರೂ ಜನ ಅವನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇನ್ನೊಂದು ಇಂಗ್ಲಿಷ್ ಚಿತ್ರಕ್ಕೆ ಕರೆಯೂ ಬಂತು. ಆದರೆ ಚಿತ್ರೀಕರಣ ಮುಂದೆ ಮುಂದೆ ಹೋಗಿ ಶುರುವಾಗುವ ಹೊತ್ತಿಗೆ ಅವನು ಅಪ್ಪನ ಭುಜ ದಾಟಿ ಬೆಳೆದಿದ್ದ, ದನಿ ಒಡೆದು ಗಡುಸಾಗಿತ್ತು. ಫೋನಿನಲ್ಲಿ ಅವನ ದನಿ ಕೇಳಿದ ಇಂಗ್ಲೆಂಡಿನವರು, ಮತ್ತೆ ತಿಳಿಸುತ್ತೇವೆ ಎಂದರು. ಬೇರೆ ಹುಡುಗನನ್ನು ಆರಿಸಿಕೊಂಡರು. ನೈಜೆಲ್ ರೂಮಿನ ಬಾಗಿಲು ಹಾಕಿಕೊಂಡ. ಸೂಸನ್ ಹೊರಗೆ ನಿಂತು ಊಟಕ್ಕೆ ಕರೆದು ಕರೆದು ಸೋತಳು.

ಹದಿನೆಂಟು ತುಂಬಿದ ಮೇಲೆ ಅವನು ಲಂಡನ್ನಿಗೆ ಹೋಗಿ ನಟನೆಯ ಶಾಲೆ ಸೇರಿದ. ಶಾಲೆಯಲ್ಲಿ ರಾಜನಾದ, ಕೊಲೆಗಾರನಾದ, ಪ್ರೇಮಿಯಾದ. ಶಾಲೆ ಮುಗಿಸಿ ಹೊರಬಂದ ಮೇಲೆ ಸಿಕ್ಕಿದ್ದು ಅಂಗಡಿಯವನ ಪಾತ್ರ, ವಿಮಾನ ನಿಲ್ದಾಣದಲ್ಲಿ ಚೀಲ ಹಿಡಿದು ಬೆವರುವವನ ಪಾತ್ರ. ಒಮ್ಮೆ ಅಂಗಡಿಯವನ ಪಾತ್ರಕ್ಕೆ ನಟರನ್ನು ಆರಿಸುವ ಹೆಂಗಸು ಅವನ ಮಾತು ಕೇಳಿ, "ಸ್ವಲ್ಪ ಇಂಡಿಯನ್ ಥರ ಹೇಳಿ," ಎಂದಳು.

"ಇಂಡಿಯಾದಲ್ಲಿ ಯಾವ ಕಡೆಯವರ ಥರ?"

"ಅಯ್ಯೋ, ಎಲ್ಲರೂ ಮಾತಾಡುವ ಥರ."

ನೈಜೆಲನಿಗೆ ಅಂಥ ದನಿ ಗೊತ್ತಿದ್ದದ್ದು ಒಂದೇ. ಗೋಡೌನಿನ ಫೋನಿನಲ್ಲಿ ವಿಲ್ಫ್ರೆಡ್ ಗಿರಾಕಿಗಳ ಹತ್ತಿರ ಗಟ್ಟಿಯಾಗಿ ಇಂಗ್ಲಿಷ್ ಮಾತಾಡುವ ದನಿ. ಅದನ್ನೇ ಮಾಡಿದ. ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಪಾತ್ರ ಸಿಕ್ಕಿತು, ಚಿತ್ರವೂ ಚೆನ್ನಾಗಿ ಓಡಿತು.

ರಜೆಗೆ ಕುವೈತಿಗೆ ಬಂದಾಗ ಅಪ್ಪ ಆ ಸಿನಿಮಾದ ಡಿವಿಡಿ ಹಾಕಿಸಿದ. ನೈಜೆಲ್ ಬೇಡವೆಂದರೂ ಕೇಳಲಿಲ್ಲ. ಪರದೆಯ ಮೇಲೆ ಅಂಗಡಿಯವ ಬಾಯಿ ತೆರೆದ ಕೂಡಲೇ ವಿಲ್ಫ್ರೆಡನ ಮುಖ ಅರಳಿತು. "ಅರೇ, ಇದು ನಾನಲ್ವಾ! ಸೂಸನ್, ಬಾ ಇಲ್ಲಿ, ನೋಡು!" ಎಂದು ತೊಡೆ ತಟ್ಟಿದ. ಸ್ವಲ್ಪ ಹೊತ್ತು ನೋಡಿದ ಮೇಲೆ ರಿಮೋಟು ಎತ್ತಿ ಟಿವಿಯ ದನಿ ತಗ್ಗಿಸಿದ. ಚಿತ್ರದಲ್ಲಿ ಅಂಗಡಿಯವ ಏನು ಹೇಳಿದರೂ ಸುತ್ತಲಿನವರು ನಗುತ್ತಿದ್ದರು.

"ತಪ್ಪಿಲ್ಲ, ಸರಿಯಾಗಿಯೇ ಮಾಡಿದ್ದಿ," ಎಂದ ವಿಲ್ಫ್ರೆಡ್ ಕೊನೆಗೆ. "ಆದ್ರೆ ಅವ ಸಾಮಾನಿನ ರೇಟು ಹೇಳುವಾಗ್ಲೂ ನಗ್ತಾರಲ್ಲ, ಅದು ಯಾಕೆ?"

ನೈಜೆಲ್ ಡಿವಿಡಿ ತೆಗೆದು ಡಬ್ಬಿಗೆ ಹಾಕಿದ. ಲಂಡನ್ನಿಗೆ ಮರಳಿದ ಮೇಲೆ, ಅಂಥ ಪಾತ್ರ ಇನ್ನು ಮಾಡುವುದಿಲ್ಲ ಎಂದು ತನಗೆ ಪಾತ್ರ ಕೊಡಿಸುತ್ತಿದ್ದ ಏಜೆಂಟಿಗೆ ತಿಳಿಸಿದ. ಹಾಗಾದರೆ ನಿನಗೆ ಕೊಡಲು ನನ್ನ ಬಳಿ ಹೆಚ್ಚೇನೂ ಇಲ್ಲ ಎಂದ ಏಜೆಂಟ್, ಕೆಟ್ಟ ಮನಸ್ಸಿನಿಂದಲ್ಲ, ಇದ್ದದ್ದನ್ನೇ ಹೇಳಿದ. ಫೋನ್ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ನೈಜೆಲ್ ಹೋಟೆಲಿನಲ್ಲಿ ತಟ್ಟೆ ತೊಳೆದ, ಪಾರ್ಸೆಲ್ ಹಂಚಿದ. ೨೦೧೪ರಲ್ಲಿ ಕುವೈತಿಗೆ ಹಿಂದಿರುಗಿದ.

ಹಿಂದಿರುಗುವುದೂ ಸುಲಭವಾಗಿರಲಿಲ್ಲ. ಇಪ್ಪತ್ತೊಂದು ದಾಟಿದ ಮಗನಿಗೆ ಅಪ್ಪನ ಆಸರೆಯಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ಸಿಗುವುದಿಲ್ಲ. ತಾನು ಆಡಿ ಬೆಳೆದ ಬೀದಿಯಲ್ಲಿ ಉಳಿಯಲು ಅವನಿಗೂ ವೀಸಾಕ್ಕೆ ಹೊಣೆ ನಿಲ್ಲುವ ಒಬ್ಬ ಕಫೀಲ್ ಬೇಕಿತ್ತು. ವಿಲ್ಫ್ರೆಡನ ಪರಿಚಯದ ಉಮ್ಮರ್ ಕುಂಞಿ ಶರ್ಕ್‌ನ ಒಂದು ಧ್ವನಿಮುದ್ರಣ ಸ್ಟುಡಿಯೋದಲ್ಲಿ ಲೆಕ್ಕಪತ್ರ ನೋಡುತ್ತಿದ್ದ. ಅವನು ತನ್ನ ಮಾಲೀಕನಿಗೆ ಹೇಳಿ ಕೆಲಸ ಕೊಡಿಸಿದ. ಕಂಪನಿಗಳ ಫೋನಿನಲ್ಲಿ "ಇಂಗ್ಲಿಷಿಗಾಗಿ ಎರಡನ್ನು ಒತ್ತಿ" ಎಂದು ಕೇಳಿಸುವ ಮಾತುಗಳನ್ನು ಮುದ್ರಿಸಿಕೊಡುವ ಕೆಲಸ.

"ಯಾಕೆ ಬಂದ್ಬಿಟ್ಟೆ? ಅಲ್ಲಿ ಸಿನಿಮಾ ಖಲಾಸಾ?" ಎಂದು ಚರ್ಚಿನಂಗಳದಲ್ಲಿ ಕೇಳುವವರಿದ್ದರು. ಮೊದಮೊದಲು ನೈಜೆಲ್ ಅಲ್ಲಿನ ರಜಾದಿನವಾದ ಶುಕ್ರವಾರದ ಪೂಜೆಗೆ ಹೋಗುವುದನ್ನೇ ಬಿಟ್ಟ. ಸೂಸನ್ ಒತ್ತಾಯಿಸಲಿಲ್ಲ. ಚರ್ಚಿನಿಂದ ಬರುವಾಗ ಅವನಿಗಾಗಿ ಸಮೋಸಾ ಕಟ್ಟಿಸಿಕೊಂಡು ಬರುತ್ತಿದ್ದಳು.

ಬೆನ್ನುನೋವಿಗೆಂದು ಅಮ್ಮನ ಕ್ಲಿನಿಕ್ಕಿಗೆ ಹೋದಾಗ ಅವನಿಗೆ ರೋಶ್ನಿ ಸಿಕ್ಕಿದಳು. ಫಿಸಿಯೋಥೆರಪಿಸ್ಟ್, ಕಾರ್ಕಳದ ಕಡೆಯವಳು, ಕುವೈತಿಗೆ ಹೊಸಬಳು. ಅವನ ಸಿನಿಮಾ ಅವಳು ನೋಡಿರಲಿಲ್ಲ.

"ನಿಮ್ಮ ದನಿ ಎಲ್ಲೋ ಕೇಳಿದ್ದೇನೆ ಮಾರಾಯ್ರೆ," ಎಂದಳು ಅವನ ಬೆನ್ನು ಒತ್ತುತ್ತ. ಮತ್ತೆ ತಟ್ಟನೆ, "ಹಾಂ, ಬ್ಯಾಂಕಿನವರು! ಮೊನ್ನೆ ಎಷ್ಟು ಹೊತ್ತು ಕಾಯಿಸಿದ್ರಿ ನನ್ನನ್ನು! ಬೈದು ಫೋನ್ ಇಟ್ಟೆ."

"ಸಾರಿ," ಎಂದ ನೈಜೆಲ್, ನೋವಿನ ನಡುವೆಯೂ ನಗುತ್ತ. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಮುಂದಿನ ವರ್ಷ ಅವರ ಮದುವೆಯಾಯಿತು.

೨೦೧೭ರಲ್ಲಿ ಮೊದಲ ಚಿತ್ರದ ನಿರ್ದೇಶಕಿ ಹೆಲೆನ್ ಫೋನ್ ಮಾಡಿದಳು. ದುಬೈಯಲ್ಲಿ ತನ್ನ ಹೊಸ ಚಿತ್ರ ನಡೆಯುತ್ತಿದೆ, ಒಂದು ಡಾಕ್ಟರ್ ಪಾತ್ರವಿದೆ, ಚಿಕ್ಕದು ಎಂದಳು.

ನೈಜೆಲ್ ಮೊದಲು ಕೇಳಿದ್ದೇ, "ಯಾವ ಥರ ಮಾತಾಡಬೇಕು?"

"ನೀನು ಈಗ ಮಾತಾಡ್ತಾ ಇದ್ದೀಯಲ್ಲ, ಹೀಗೆ."

ಆ ಡಾಕ್ಟರ್ ಯಾವ ದೇಶದವನೆಂದು ಚಿತ್ರದಲ್ಲಿ ಯಾರೂ ಕೇಳುವುದಿಲ್ಲ. ಮಗಳು ಬದುಕುವುದಿಲ್ಲ ಎಂದು ಒಬ್ಬ ತಂದೆಗೆ ಅವನು ಹೇಳಬೇಕು, ಹೇಳಿ ಅವನ ಅಳುವನ್ನು ಕೇಳುತ್ತ ಅಲ್ಲೇ ಇರಬೇಕು. ನೈಜೆಲ್ ಹೋಗಿ ಮಾಡಿ ಬಂದ. ಸ್ಟುಡಿಯೋದ ಕೆಲಸ ಬಿಡಲಿಲ್ಲ. ಆ ಚಿತ್ರದ ನಂತರ ವರ್ಷಕ್ಕೊಂದೆರಡು ಸಣ್ಣ ಪಾತ್ರಗಳು ಬರತೊಡಗಿದವು. ಕೆಲವಕ್ಕೆ ಹೋದ, ಕೆಲವಕ್ಕೆ ಇಲ್ಲ ಎಂದ.

ಡಾಕ್ಟರ್ ಪಾತ್ರದ ಆ ಸಿನಿಮಾವನ್ನು ಕುವೈತಿನ ಥಿಯೇಟರಿನಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ನೋಡಿದರು. ಹೊರಬಂದ ಮೇಲೆ ವಿಲ್ಫ್ರೆಡ್ ಕಣ್ಣೊರೆಸಿಕೊಂಡು ಕಾರಿನತ್ತ ನಡೆದ. ಸೂಸನ್ ಮಾತ್ರ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಳು.

"ಚೆಂದ ಮಾಡಿದ್ದಿ ಪುತಾ," ಎಂದಳು. "ಆದ್ರೆ ಅಂಥ ಸುದ್ದಿ ಹೇಳುವಾಗ ಡಾಕ್ಟ್ರು ನಿಂತುಕೊಂಡು ಹೇಳಿದ್ದನ್ನು ನಾನು ಎಷ್ಟೋ ನೋಡಿದ್ದೇನೆ. ನೀನು ಕೂತುಕೊಂಡಿ. ಕೂರ್ಲಿಕ್ಕೆ ಅವರು ಹೇಳಿದ್ದಾ?"

"ಇಲ್ಲ ಮಮ್ಮಿ. ನಾನೇ ಕೂತೆ."

"ಒಳ್ಳೇದು," ಎಂದಳು ಸೂಸನ್, ಸೊಸೆಯ ಕೈ ಹಿಡಿದು ಮೆಟ್ಟಿಲಿಳಿಯುತ್ತ. "ನಮ್ಮ ಕ್ಲಿನಿಕ್ಕಿನ ಡಾಕ್ಟ್ರಿಗೆ ಇದನ್ನು ತೋರಿಸ್ಬೇಕು."